ಕೂದಲೆಳೆ ಅಂತರದ ಹಿಂದಿನ ಯಂತ್ರ: ಎರಡು ವಿಮಾನ ಎದುರಾದಾಗ ಪೈಲಟ್ ಯಾರ ಮಾತು ಕೇಳಬೇಕು?

2018ರ ಜುಲೈ 10ರಂದು ಬೆಂಗಳೂರಿನ ವಾಯುಪ್ರದೇಶದಲ್ಲಿ ಎರಡು ವಿಮಾನಗಳು ಒಂದಕ್ಕೊಂದು ತೀರಾ ಹತ್ತಿರ ಬಂದವು. ಒಂದು ಕೊಯಮತ್ತೂರಿನಿಂದ ಹೈದರಾಬಾದಿಗೆ ಹೊರಟಿತ್ತು, ಇನ್ನೊಂದು ಬೆಂಗಳೂರಿನಿಂದ ಕೊಚ್ಚಿಗೆ. ಎರಡರಲ್ಲೂ ಸೇರಿ 328 ಪ್ರಯಾಣಿಕರು. ಒಂದು ಹಂತದಲ್ಲಿ ಅವುಗಳ ಎತ್ತರದ ವ್ಯತ್ಯಾಸ ಸುಮಾರು 200 ಅಡಿಗೆ ಇಳಿದಿತ್ತು. ಅಂದ್ರೆ ಇಪ್ಪತ್ತು ಮಹಡಿಯ ಒಂದು ಅಪಾರ್ಟ್‌ಮೆಂಟಿನಷ್ಟು. ಅಕ್ಕಪಕ್ಕದ ಅಂತರ ಸಾಕಷ್ಟು ಇಲ್ಲದಾಗ ಮೇಲೆ-ಕೆಳಗೆ ಕನಿಷ್ಠ 1000 ಅಡಿಯಾದರೂ ಇರಬೇಕು ಅನ್ನೋದು ನಿಯಮ.

ಆ ಸುದ್ದಿ ಬಂದಾಗ ನಾನು ಒಂದು ಸುದ್ದಿಮನೆಯ ಡೆಸ್ಕಿನಲ್ಲಿದ್ದೆ. 'ಕೂದಲೆಳೆ ಅಂತರದಲ್ಲಿ ತಪ್ಪಿದ ಭಾರೀ ದುರಂತ' ಅಂತ ಹೆಡ್‌ಲೈನ್ ಕೊಟ್ಟೆ, ಪೇಜ್ ಹೋಯಿತು, ಚಹಾ ಕುಡಿಯಲು ಎದ್ದೆ. ಎಲ್ಲರೂ ಹೆಚ್ಚುಕಡಿಮೆ ಅದನ್ನೇ ಕೊಟ್ಟಿದ್ದರು ಅನ್ನಿ. ಆದರೆ ನಾಲ್ಕು ವರ್ಷ ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಷನ್ ಓದಿ, ರೇಡಾರ್ ಸಮೀಕರಣ ಬಾಯಿಪಾಠ ಮಾಡಿ ಪಾಸಾಗಿದ್ದ ನನಗೆ ಒಂದು ಮಾತು ಹೊಳೆಯಬೇಕಿತ್ತು. ದುರಂತ ತಾನಾಗಿಯೇ ತಪ್ಪಿರಲಿಲ್ಲ, ಅದನ್ನು ತಪ್ಪಿಸಲಾಗಿತ್ತು. 'ಕೂದಲೆಳೆ' ಅಂದುಬಿಟ್ಟರೆ ಅದೃಷ್ಟದ ಮಾತಾಯಿತು. ತಪ್ಪಿಸಿದ್ದು ಯಾರು, ತಪ್ಪಿಸಬೇಕಾದ ಸ್ಥಿತಿ ಬಂದದ್ದು ಯಾಕೆ ಅನ್ನುವ ಎರಡೂ ಪ್ರಶ್ನೆ ಅಲ್ಲಿಗೆ ಮುಗಿದುಹೋಗುತ್ತವೆ.

ಆ ದಿನ ಎರಡೂ ವಿಮಾನಗಳ ಕಾಕ್‌ಪಿಟ್‌ನಲ್ಲಿ ಎಚ್ಚರಿಕೆ ಕೊಟ್ಟದ್ದು ಟಿಕಾಸ್. ಪೂರ್ತಿ ಹೆಸರು ಟ್ರಾಫಿಕ್ ಅಲರ್ಟ್ ಆ್ಯಂಡ್ ಕೊಲಿಷನ್ ಅವಾಯ್ಡೆನ್ಸ್ ಸಿಸ್ಟಮ್. ಡಿಕ್ಕಿ ತಪ್ಪಿಸುವ ವ್ಯವಸ್ಥೆ ಅನ್ನಬಹುದು. (ನಮ್ಮ ರೈಲ್ವೆಯ 'ಕವಚ್'ಗೂ ಮೊದಲಿದ್ದ ಹೆಸರು ಟಿಕಾಸೇ. ಅಲ್ಲಿ 'ಟಿ' ಅಂದ್ರೆ ಟ್ರೇನ್. ಕವಚ್ ಬೇಕಾದಾಗ ತಾನೇ ಬ್ರೇಕ್ ಹಾಕುತ್ತದೆ. ಆಕಾಶದಲ್ಲಿ ಬ್ರೇಕ್ ಹಾಕಿ ನಿಲ್ಲುವ ಸೌಲಭ್ಯ ಇಲ್ಲವಲ್ಲ.)

ಕಣ್ಣಿಲ್ಲದ ಕಾವಲುಗಾರ

'ಅಷ್ಟು ದೊಡ್ಡ ಆಕಾಶದಲ್ಲಿ ಡಿಕ್ಕಿ ಹೊಡೆಯೋದು ಹೇಗೆ, ಪೈಲಟ್‌ಗೆ ಕಣ್ಣು ಕಾಣಲ್ವಾ?' ಇದು ನಮ್ಮಮ್ಮನ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆಕಾಶ ದೊಡ್ಡದಾದರೂ ವಿಮಾನಗಳು ಓಡಾಡುವ ದಾರಿಗಳು ಸಣ್ಣವು, ಎತ್ತರಗಳು ಗೊತ್ತುಪಡಿಸಿದವು. ಇನ್ನು ಕಣ್ಣಿನ ವಿಷಯ. ಎರಡು ಜೆಟ್‌ಗಳು ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಬರುತ್ತಿವೆ ಅಂದುಕೊಳ್ಳಿ. ಅವುಗಳ ನಡುವಿನ ದೂರ ಪ್ರತಿ ಸೆಕೆಂಡಿಗೆ ಅರ್ಧ ಕಿಲೋಮೀಟರ್‌ನಂತೆ ಕರಗುತ್ತದೆ. ಮೂವತ್ತು ಸೆಕೆಂಡ್ ಮೊದಲು ಇನ್ನೊಂದು ವಿಮಾನ ಇರುವುದು 15 ಕಿಲೋಮೀಟರ್ ಆಚೆ. ಅಷ್ಟು ದೂರದಲ್ಲಿ ಅದೊಂದು ಚುಕ್ಕೆ. ನೇರ ಡಿಕ್ಕಿಯ ದಾರಿಯಲ್ಲಿರುವ ವಸ್ತು ಗಾಜಿನ ಮೇಲೆ ಆಚೀಚೆ ಸರಿಯುವುದೂ ಇಲ್ಲ, ಒಂದೇ ಜಾಗದಲ್ಲಿ ನಿಂತ ಹಾಗೆ ಕಾಣುತ್ತದೆ. ಹಾಗಾಗಿ ಕಣ್ಣು ಅದನ್ನು ಹಿಡಿಯುವುದೇ ಕಷ್ಟ. ಹಿಡಿಯುವ ಹೊತ್ತಿಗೆ ತಿರುಗಿಸಲು ಸಮಯ ಉಳಿದಿರುವುದಿಲ್ಲ.

ಟಿಕಾಸ್‌ಗೂ ಕಣ್ಣಿಲ್ಲ. ಅದು ಕೂಗಿ ಕೇಳುತ್ತದೆ. ಕತ್ತಲಲ್ಲಿ ತೋಟದ ದಾರಿಯಲ್ಲಿ ಹೋಗುವಾಗ ಎದುರು ಸದ್ದಾದರೆ 'ಯಾರದು?' ಅಂತ ಕೇಳುತ್ತೇವಲ್ಲ, ಹಾಗೆ. ಪ್ರತಿ ವಿಮಾನದಲ್ಲೂ ಟ್ರಾನ್ಸ್‌ಪಾಂಡರ್ ಅನ್ನುವ ಒಂದು ರೇಡಿಯೋ ಸಾಧನ ಇರುತ್ತದೆ, ಕೇಳಿದರೆ ಉತ್ತರ ಕೊಡುವುದೇ ಅದರ ಕೆಲಸ. ನೆಲದ ಮೇಲಿನ ರೇಡಾರ್‌ಗೆ ಉತ್ತರಿಸಲು ಹುಟ್ಟಿದ ಸಾಧನ ಇದು. ಟಿಕಾಸ್ ಮಾಡಿದ ಉಪಾಯ ಏನಂದ್ರೆ, ನೆಲದ ರೇಡಾರ್ ಕೇಳುವ ಪ್ರಶ್ನೆಯನ್ನೇ ವಿಮಾನದಿಂದ ವಿಮಾನಕ್ಕೆ ಕೇಳುವುದು. 1030 ಮೆಗಾಹರ್ಟ್ಸ್‌ನಲ್ಲಿ ಪ್ರಶ್ನೆ, 1090 ಮೆಗಾಹರ್ಟ್ಸ್‌ನಲ್ಲಿ ಉತ್ತರ.

ಉತ್ತರ ಬರಲು ಎಷ್ಟು ಹೊತ್ತಾಯಿತು ಅನ್ನುವುದರಿಂದ ದೂರ ಗೊತ್ತಾಗುತ್ತದೆ. ರೇಡಿಯೋ ಅಲೆ 10 ಕಿಲೋಮೀಟರ್ ಹೋಗಿ ವಾಪಸ್ ಬರಲು ಸುಮಾರು 67 ಮೈಕ್ರೋಸೆಕೆಂಡ್ ಸಾಕು. ಎತ್ತರವನ್ನು ಟಿಕಾಸ್ ಅಳೆಯುವುದಿಲ್ಲ, ಎದುರಿನ ವಿಮಾನವೇ ತನ್ನ ಎತ್ತರವನ್ನು ಉತ್ತರದೊಳಗೆ ಹೇಳುತ್ತದೆ. ದಿಕ್ಕನ್ನು ಮಾತ್ರ ತನ್ನ ಆಂಟೆನಾದಿಂದ ತಾನೇ ಅಂದಾಜು ಮಾಡಿಕೊಳ್ಳಬೇಕು. ಈ ಅಂದಾಜು ಒರಟು. ಪೈಲಟ್‌ಗೆ 'ಆ ಕಡೆ ನೋಡು' ಅನ್ನಲು ಸಾಕು, 'ಬಲಕ್ಕೆ ತಿರುಗು' ಅಂತ ಆದೇಶ ಕೊಡಲು ಸಾಲದು. ಟಿಕಾಸ್ ಯಾವತ್ತೂ ಎಡಕ್ಕೆ, ಬಲಕ್ಕೆ ಅನ್ನದೆ ಮೇಲೆ, ಕೆಳಗೆ ಎಂದಷ್ಟೇ ಹೇಳುವುದಕ್ಕೆ ಮುಖ್ಯ ಕಾರಣ ಇದು.

ಇಡೀ ವ್ಯವಸ್ಥೆಯ ಜಾಣತನ ಇರುವುದು ಮುಂದಿನ ಹೆಜ್ಜೆಯಲ್ಲಿ. ಟಿಕಾಸ್ ಮುಖ್ಯವಾಗಿ ಲೆಕ್ಕ ಹಾಕುವುದು ಇನ್ನೊಂದು ವಿಮಾನ ಎಷ್ಟು ದೂರ ಇದೆ ಅಂತಲ್ಲ, ತೀರಾ ಹತ್ತಿರ ಬರಲು ಎಷ್ಟು ಸೆಕೆಂಡ್ ಉಳಿದಿದೆ ಅಂತ. ದೂರವನ್ನು ಹತ್ತಿರವಾಗುವ ವೇಗದಿಂದ ಭಾಗಿಸಿದರೆ ಸಿಗುವ ಈ ಸಮಯಕ್ಕೆ ಎಂಜಿನಿಯರುಗಳು 'ಟೌ' ಅನ್ನುವ ಗ್ರೀಕ್ ಅಕ್ಷರದ ಹೆಸರಿಟ್ಟಿದ್ದಾರೆ. ಬೆಂಡಿಕ್ಸ್ ಕಂಪನಿಯ ಜೆ. ಎಸ್. ಮೊರೆಲ್ ಎಂಬ ವಿಜ್ಞಾನಿ ಇದನ್ನು 1950ರ ದಶಕದಲ್ಲೇ ಮುಂದಿಟ್ಟಿದ್ದರು. ಐದು ಕಿಲೋಮೀಟರ್ ದೂರದಲ್ಲಿ ಪಕ್ಕಪಕ್ಕದಲ್ಲೇ ಹೋಗುವ ವಿಮಾನದಿಂದ ಅಪಾಯ ಇಲ್ಲ. ಅದೇ ಐದು ಕಿಲೋಮೀಟರ್ ದೂರದಲ್ಲಿ ಮೂಗಿನ ನೇರಕ್ಕೆ ಬರುತ್ತಿದ್ದರೆ ಹತ್ತು ಸೆಕೆಂಡ್ ಉಳಿದಿದೆ. ನಿಧಾನವಾಗಿ ಪಕ್ಕದಿಂದ ಒತ್ತಿಕೊಂಡು ಬರುವ ವಿಮಾನದ ವಿಷಯದಲ್ಲಿ ಈ ಲೆಕ್ಕ ಮೋಸ ಹೋಗುತ್ತದೆ. ಅದಕ್ಕಾಗಿ 'ಇಷ್ಟಕ್ಕಿಂತ ಹತ್ತಿರ ಬಂದರೆ ಸಮಯ ಎಷ್ಟೇ ಇರಲಿ ಕೂಗು' ಅನ್ನುವ ಒಂದು ಕನಿಷ್ಠ ದೂರವನ್ನೂ ಸೇರಿಸಿದ್ದಾರೆ.

ಕಾಕ್‌ಪಿಟ್‌ನಲ್ಲಿ ಕೇಳಿಸುವ ದನಿ

ಪೈಲಟ್ ಮುಂದಿನ ಪರದೆಯಲ್ಲಿ ಸುತ್ತಲಿನ ವಿಮಾನಗಳು ಚಿಹ್ನೆಗಳಾಗಿ ಕಾಣುತ್ತವೆ. ದೂರದ್ದು ಟೊಳ್ಳು ವಜ್ರಾಕೃತಿ. ಸ್ವಲ್ಪ ಹತ್ತಿರದ್ದಾದರೆ ಅದೇ ಆಕೃತಿ ತುಂಬಿಕೊಳ್ಳುತ್ತದೆ. ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. +10 ಅಂದ್ರೆ ನಿಮಗಿಂತ 1000 ಅಡಿ ಮೇಲೆ, -05 ಅಂದ್ರೆ 500 ಅಡಿ ಕೆಳಗೆ. ಅದು ಏರುತ್ತಿದ್ದರೆ ಅಥವಾ ಇಳಿಯುತ್ತಿದ್ದರೆ ಒಂದು ಬಾಣದ ಗುರುತು.

ಅಪಾಯದ ಸಾಧ್ಯತೆ ಕಂಡಾಗ ಆ ಚಿಹ್ನೆ ಹಳದಿ ವೃತ್ತವಾಗುತ್ತದೆ, 'ಟ್ರಾಫಿಕ್, ಟ್ರಾಫಿಕ್' ಅನ್ನುವ ದನಿ ಬರುತ್ತದೆ. ಇದು ಟ್ರಾಫಿಕ್ ಅಡ್ವೈಸರಿ, ಚಿಕ್ಕದಾಗಿ ಟಿಎ. ಈ ಹಂತದಲ್ಲಿ ಪೈಲಟ್ ವಿಮಾನವನ್ನು ತಿರುಗಿಸಬಾರದು. ಹುಡುಕಬೇಕು, ಸಜ್ಜಾಗಬೇಕು, ಅಷ್ಟೇ. ಅಪಾಯ ಮುಂದುವರಿದರೆ ವೃತ್ತ ಕೆಂಪು ಚೌಕವಾಗುತ್ತದೆ, ಆಗ ಬರುವುದು ರೆಸಲ್ಯೂಷನ್ ಅಡ್ವೈಸರಿ, ಅಂದ್ರೆ ಆರ್‌ಎ. 'ಕ್ಲೈಂಬ್, ಕ್ಲೈಂಬ್' ಅಂದರೆ ಏರು, 'ಡಿಸೆಂಡ್, ಡಿಸೆಂಡ್' ಅಂದರೆ ಇಳಿ. ಹೆಸರಲ್ಲಿ ಸಲಹೆ ಅಂತಿದ್ದರೂ ಇದು ಆದೇಶವೇ. ಏರಿಕೆ ಇಳಿಕೆ ತೋರಿಸುವ ಮಾಪಕದಲ್ಲಿ ಕೆಂಪು ಪಟ್ಟಿ, ಹಸಿರು ಪಟ್ಟಿ ಮೂಡುತ್ತವೆ. ಮುಳ್ಳನ್ನು ಕೆಂಪಿನಿಂದ ಹೊರಗೆ ತಂದು ಹಸಿರಿನಲ್ಲಿ ಇಡುವುದಷ್ಟೇ ಪೈಲಟ್ ಕೆಲಸ.

ಎಷ್ಟು ಮುಂಚೆ ಕೂಗಬೇಕು ಅನ್ನುವುದು ಎತ್ತರದ ಮೇಲೆ ನಿಂತಿದೆ. 20,000 ಅಡಿಗಿಂತ ಮೇಲೆ ಟಿಎ 48 ಸೆಕೆಂಡ್ ಮೊದಲು, ಆರ್‌ಎ 35 ಸೆಕೆಂಡ್ ಮೊದಲು. ನೆಲಕ್ಕೆ ಹತ್ತಿರವಾದಂತೆ ಈ ಸಮಯ ಕಡಿಮೆ. ನಿಲ್ದಾಣದ ಸುತ್ತ ವಿಮಾನಗಳು ಹೇಗಿದ್ದರೂ ಹತ್ತಿರಹತ್ತಿರ ಇರುತ್ತವೆ, ಪ್ರತಿಯೊಂದಕ್ಕೂ ಕೂಗುತ್ತಾ ಕೂತರೆ ಯಾರೂ ಕಿವಿಗೊಡುವುದಿಲ್ಲ. 1000 ಅಡಿಗಿಂತ ಕೆಳಗೆ ಆರ್‌ಎ ಬರುವುದೇ ಇಲ್ಲ, ಟಿಎ ಮಾತ್ರ, ಅದೂ 20 ಸೆಕೆಂಡ್ ಮೊದಲು. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆರ್‌ಎ ಬಂದರೆ ಪೈಲಟ್ ಐದು ಸೆಕೆಂಡಿನೊಳಗೆ ಸ್ಪಂದಿಸುತ್ತಾರೆ ಅಂತ ಯಂತ್ರ ನಂಬಿಕೊಂಡಿರುತ್ತದೆ. ಸಾಮಾನ್ಯವಾಗಿ ಕೇಳುವುದು ನಿಮಿಷಕ್ಕೆ 1500 ಅಡಿ ಏರಿಕೆ ಅಥವಾ ಇಳಿಕೆ. ಇದು ಸಿನಿಮಾದಲ್ಲಿ ತೋರಿಸುವ ಹಾಗೆ ವಿಮಾನವನ್ನು ಕವುಚಿ ಹಾಕುವ ಸಾಹಸ ಅಲ್ಲ. ಸೀಟಿನಲ್ಲಿ ಕೂತವರಿಗೆ ಹೊಟ್ಟೆ ಒಂಚೂರು ತೊಳಸಿದಂತಾಗಬಹುದು. ಹೆಚ್ಚಿನ ವಿಮಾನಗಳಲ್ಲಿ ಪೈಲಟ್ ಆಟೋಪೈಲಟ್ ಕಳಚಿ ಕೈಯಿಂದಲೇ ಇದನ್ನು ಮಾಡಬೇಕು. ಏರ್‌ಬಸ್ ಎ380, ಎ350ಯಂಥ ಹೊಸ ವಿಮಾನಗಳಲ್ಲಿ ಆಟೋಪೈಲಟ್ಟೇ ಮಾಡಬಲ್ಲದು. ಅಪಾಯ ಕಳೆದ ಮೇಲೆ ದನಿ 'ಕ್ಲಿಯರ್ ಆಫ್ ಕಾನ್‌ಫ್ಲಿಕ್ಟ್' ಅನ್ನುತ್ತದೆ.

ಎರಡೂ ವಿಮಾನಗಳ ಯಂತ್ರ ಒಂದೇ ಸಲಹೆ ಕೊಟ್ಟರೆ? ಇಬ್ಬರೂ ಕಿರಿದಾದ ಬಾಗಿಲಲ್ಲಿ ಎದುರಾಗಿ, ಇಬ್ಬರೂ ಒಂದೇ ಕಡೆ ಸರಿದು, ಮತ್ತೆ ಇಬ್ಬರೂ ಇನ್ನೊಂದು ಕಡೆ ಸರಿಯುವ ಪೇಚಾಟ ನಮಗೆ ಗೊತ್ತಿರುವುದೇ. ಇದನ್ನು ತಪ್ಪಿಸಲು ಎರಡು ಟಿಕಾಸ್‌ಗಳು ಪರಸ್ಪರ ಮಾತಾಡಿಕೊಳ್ಳುತ್ತವೆ. ಒಂದು 'ನಾನು ಮೇಲೆ' ಅಂದರೆ ಇನ್ನೊಂದು ಕೆಳಗೆ ಹೋಗಲೇಬೇಕು. ಒಂದೇ ಕ್ಷಣದಲ್ಲಿ ಇಬ್ಬರೂ 'ನಾನು ಮೇಲೆ' ಅಂದರೆ? ಪ್ರತಿ ವಿಮಾನಕ್ಕೂ ಜಗತ್ತಿನಲ್ಲಿ ಬೇರೆ ಯಾರಿಗೂ ಇಲ್ಲದ 24 ಬಿಟ್‌ಗಳ ಒಂದು ವಿಳಾಸ ಇರುತ್ತದೆ. ಯಾರ ವಿಳಾಸದ ಸಂಖ್ಯೆ ಚಿಕ್ಕದೋ ಅವರ ಮಾತು ನಡೆಯುತ್ತದೆ. ಯಾವ ದೇಶದ್ದು, ಯಾವ ಕಂಪನಿಯದ್ದು, ಎಷ್ಟು ದೊಡ್ಡದು ಯಾವುದೂ ಲೆಕ್ಕಕ್ಕಿಲ್ಲ. ಇದು ನನಗೆ ತುಂಬಾ ಇಷ್ಟವಾದ ನಿಯಮ.

ಒಂದು ಮಿತಿಯನ್ನೂ ಹೇಳಿಬಿಡುತ್ತೇನೆ. ಯಂತ್ರಕ್ಕೆ ಪೈಲಟ್‌ನ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ. ನೀವು 30,000 ಅಡಿಯಲ್ಲಿ ನಿಲ್ಲಬೇಕು ಅಂತ ವೇಗವಾಗಿ ಏರುತ್ತಿದ್ದೀರಿ, 31,000 ಅಡಿಯಲ್ಲಿ ಇನ್ನೊಂದು ವಿಮಾನ ಹೋಗುತ್ತಿದೆ. ನೀವು ನಿಲ್ಲುತ್ತೀರಿ ಅನ್ನುವುದು ನಿಮಗೆ ಗೊತ್ತು, ಟಿಕಾಸ್‌ಗೆ ಗೊತ್ತಿಲ್ಲ, ಅದು ಕೂಗುತ್ತದೆ. ಅದಕ್ಕೇ ಕೊನೆಯ 1000 ಅಡಿಯಲ್ಲಿ ಏರುವ ವೇಗ ತಗ್ಗಿಸಿ ಅನ್ನುವ ಸೂಚನೆ ಇರುವುದು. ಹಾಗಾಗಿ ಪ್ರತಿ ಆರ್‌ಎಯೂ 'ಸಾವಿನ ದವಡೆಯಿಂದ ಪಾರು' ಅಲ್ಲ.

ಚರ್ಖಿ ದಾದ್ರಿ: ಇಲ್ಲದಿದ್ದ ಯಂತ್ರ

ಟೌ ಲೆಕ್ಕ 50ರ ದಶಕದಲ್ಲೇ ಇತ್ತು ಅಂದೆನಲ್ಲ. 1956ರ ಜೂನ್ 30ರಂದು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 128 ಜನ ಸತ್ತರು. 1978ರಲ್ಲಿ ಸ್ಯಾನ್ ಡಿಯೇಗೋದಲ್ಲಿ 144. 1986ರಲ್ಲಿ ಲಾಸ್ ಏಂಜಲಿಸ್ ಪಕ್ಕದ ಸೆರಿಟೋಸ್‌ನಲ್ಲಿ 82, ಅದರಲ್ಲಿ 15 ಮಂದಿ ತಮ್ಮ ಪಾಡಿಗೆ ನೆಲದ ಮೇಲಿದ್ದವರು. ಇದಾದ ಮರುವರ್ಷ ಅಮೆರಿಕದ ಕಾಂಗ್ರೆಸ್ ಕಾನೂನು ಮಾಡಿ ಟಿಕಾಸ್ ಕಡ್ಡಾಯ ಮಾಡಿತು. 1993ರ ಕೊನೆಯ ಹೊತ್ತಿಗೆ ಅಲ್ಲಿನ ದೊಡ್ಡ ಪ್ರಯಾಣಿಕ ವಿಮಾನಗಳಿಗೆಲ್ಲ ಅದು ಬಂದಿತ್ತು.

ಇನ್ನು ನಮ್ಮ ದೇಶದ ಕಥೆ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಸೌದಿಯ ಬೋಯಿಂಗ್ 747 ಹೊರಟಿತು. ಅದರಲ್ಲಿ ಬಹಳಷ್ಟು ಮಂದಿ ಕೊಲ್ಲಿ ದೇಶಕ್ಕೆ ದುಡಿಯಲು ಹೊರಟ ನಮ್ಮವರು. ಕಜಕಿಸ್ತಾನದ ಇಲ್ಯೂಶಿನ್ 76 ದೆಹಲಿಗೆ ಇಳಿಯಲು ಬರುತ್ತಿತ್ತು. ಆಗ ದೆಹಲಿಗೆ ಬರುವ, ಹೋಗುವ ನಾಗರಿಕ ವಿಮಾನಗಳಿಗೆ ಒಂದೇ ಓಣಿ, ಉಳಿದ ಆಕಾಶ ಬಹುಪಾಲು ವಾಯುಪಡೆಯದ್ದು. ಸೌದಿ ವಿಮಾನಕ್ಕೆ 14,000 ಅಡಿ, ಕಜಕ್ ವಿಮಾನಕ್ಕೆ 15,000 ಅಡಿ ಅಂತ ಎಟಿಸಿ, ಅಂದ್ರೆ ವಾಯು ಸಂಚಾರ ನಿಯಂತ್ರಣದವರು ಹೇಳಿದ್ದರು. ಕಜಕ್ ವಿಮಾನ 15,000ದಲ್ಲಿ ನಿಲ್ಲದೆ ಕೆಳಗಿಳಿಯಿತು. ಹರಿಯಾಣದ ಚರ್ಖಿ ದಾದ್ರಿಯ ಹೊಲಗಳ ಮೇಲೆ 349 ಜನ ಸತ್ತರು. ಆಕಾಶದಲ್ಲಿ ವಿಮಾನಗಳು ಡಿಕ್ಕಿಯಾದ ಘಟನೆಗಳಲ್ಲಿ ಇವತ್ತಿಗೂ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ನ್ಯಾಯಮೂರ್ತಿ ಆರ್. ಸಿ. ಲಾಹೋಟಿ ಆಯೋಗ ಕಜಕ್ ಸಿಬ್ಬಂದಿಯ ತಪ್ಪನ್ನು ಗುರುತಿಸಿತು, ಅದು ಸರಿಯೇ. ಆದರೆ ಎಟಿಸಿಯವರ ಮುಂದಿದ್ದ ರೇಡಾರ್ ನೋಡಿ. ಅದು ಹಳೆಯ ಬಗೆಯ ಪ್ರಾಥಮಿಕ ರೇಡಾರ್. ಪರದೆಯ ಮೇಲೆ ಚುಕ್ಕೆ ಕಾಣುತ್ತದೆ, ಚುಕ್ಕೆ ಎಷ್ಟು ಎತ್ತರದಲ್ಲಿದೆ ಅಂತ ಕಾಣುವುದಿಲ್ಲ. ಪೈಲಟ್ ಬಾಯಲ್ಲಿ ಹೇಳಿದ್ದನ್ನೇ ನಂಬಬೇಕು. ಟ್ರಾನ್ಸ್‌ಪಾಂಡರ್‌ನ ಉತ್ತರ ಓದಬಲ್ಲ ಸೆಕೆಂಡರಿ ರೇಡಾರ್ ದೇಶದ ರಾಜಧಾನಿಯ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುತ್ತಿರಲಿಲ್ಲ. ಎರಡೂ ವಿಮಾನಗಳಲ್ಲಿ ಟಿಕಾಸ್ ಇರಲಿಲ್ಲ. ಪೈಲಟ್ ತಪ್ಪು ಮಾಡಬಹುದು ಅನ್ನುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ, ಆ ತಪ್ಪನ್ನು ಹಿಡಿಯುವ ಒಂದು ಪದರವೂ ಉಳಿದಿರಲಿಲ್ಲ. ಬರುವವರಿಗೆ, ಹೋಗುವವರಿಗೆ ಬೇರೆಬೇರೆ ಓಣಿ, ಹೊಸ ರೇಡಾರ್, ಟಿಕಾಸ್ ಕಡ್ಡಾಯ, ಎಲ್ಲವೂ ಬಂದದ್ದು ಇದಾದ ಮೇಲೆಯೇ. 2005ರಿಂದ ಅಂತಾರಾಷ್ಟ್ರೀಯ ನಿಯಮದ ಪ್ರಕಾರ 5700 ಕಿಲೋಗ್ರಾಂಗಿಂತ ಭಾರದ ಅಥವಾ 19ಕ್ಕಿಂತ ಹೆಚ್ಚು ಪ್ರಯಾಣಿಕರ ಟರ್ಬೈನ್ ಎಂಜಿನ್ ವಿಮಾನಗಳಿಗೆಲ್ಲ ಇದು ಬೇಕೇ ಬೇಕು.

ಎರಡು ದನಿ, ಒಬ್ಬ ಪೈಲಟ್

ಯಂತ್ರ ಬಂತು. ಆಗ ಯಾರೂ ಸರಿಯಾಗಿ ಉತ್ತರಿಸದೆ ಬಿಟ್ಟ ಒಂದು ಪ್ರಶ್ನೆ ಎದುರಾಯಿತು: ಎಟಿಸಿಯವರು ಒಂದು ಹೇಳಿ, ಯಂತ್ರ ಇನ್ನೊಂದು ಹೇಳಿದರೆ?

2001ರ ಜನವರಿ 31ರಂದು ಜಪಾನಿನಲ್ಲಿ ಇದು ನಡೆದೇಹೋಯಿತು. ತರಬೇತಿಯಲ್ಲಿದ್ದ ನಿಯಂತ್ರಕರೊಬ್ಬರು ಒಂದೇ ಕಂಪನಿಯ 907 ಮತ್ತು 958 ಸಂಖ್ಯೆಯ ಎರಡು ವಿಮಾನಗಳ ನಡುವೆ ಗೊಂದಲ ಮಾಡಿಕೊಂಡು, 958ಕ್ಕೆ ಹೇಳಬೇಕಾದ 'ಇಳಿಯಿರಿ' ಅನ್ನುವ ಸೂಚನೆಯನ್ನು 907ಕ್ಕೆ ಹೇಳಿದರು. 907ರ ಟಿಕಾಸ್ 'ಏರು' ಅಂದಿತು, 958ರದ್ದು 'ಇಳಿ' ಅಂದಿತು. 907ರ ಕ್ಯಾಪ್ಟನ್ ಎಟಿಸಿ ಮಾತು ಕೇಳಿ ಇಳಿಯುತ್ತಲೇ ಹೋದರು. ಎರಡೂ ಇಳಿಯತೊಡಗಿದವು. ಹಗಲಾಗಿತ್ತು, ಕಣ್ಣಿಗೆ ಕಂಡಿತು, ಕೊನೆಯ ಕ್ಷಣದಲ್ಲಿ ತಪ್ಪಿಸಿಕೊಂಡರು. ಆ ಜೋರಿನ ಎಳೆತಕ್ಕೆ ಸುಮಾರು ನೂರು ಜನ ಗಾಯಗೊಂಡರು, ಸತ್ತವರು ಯಾರೂ ಇಲ್ಲ.

ಹದಿನೇಳು ತಿಂಗಳ ನಂತರ, 2002ರ ಜುಲೈ 1ರ ರಾತ್ರಿ. ಜರ್ಮನಿಯ ಕಾನ್‌ಸ್ಟನ್ಸ್ ಸರೋವರದ ಬಳಿಯ ಯೂಬರ್‌ಲಿಂಗೆನ್. ರಷ್ಯಾದ ಬಾಷ್ಕಿರಿಯನ್ ಏರ್‌ಲೈನ್ಸ್‌ನ ಟುಪೋಲೆವ್ 154, ಅದರೊಳಗೆ ಸ್ಪೇನ್ ಪ್ರವಾಸಕ್ಕೆ ಹೊರಟ ಶಾಲಾ ಮಕ್ಕಳೇ ಹೆಚ್ಚು. ಇನ್ನೊಂದು ಡಿಎಚ್‌ಎಲ್‌ನ ಸರಕು ಸಾಗಣೆಯ ಬೋಯಿಂಗ್ 757. ಎರಡೂ 36,000 ಅಡಿಯಲ್ಲಿ. ಆ ಆಕಾಶದ ಹೊಣೆ ಸ್ವಿಟ್ಜರ್ಲೆಂಡಿನ ಸ್ಕೈಗೈಡ್ ಸಂಸ್ಥೆಯದು. ಜ್ಯೂರಿಕ್‌ನ ನಿಯಂತ್ರಣ ಕೊಠಡಿಯಲ್ಲಿ ಒಬ್ಬರೇ ನಿಯಂತ್ರಕರು ಎರಡು ಪರದೆಗಳ ನಡುವೆ ಓಡಾಡುತ್ತಾ ಕೆಲಸ ಮಾಡುತ್ತಿದ್ದರು. ಜೊತೆಯವರು ವಿಶ್ರಾಂತಿಗೆ ಹೋಗಿದ್ದರು. ಅದು ನಿಯಮದಲ್ಲಿ ಇರದಿದ್ದರೂ ಮೇಲಿನವರಿಗೆಲ್ಲ ಗೊತ್ತಿದ್ದ, ಯಾರೂ ತಡೆಯದ ರೂಢಿ. ಮುಖ್ಯ ಫೋನ್ ಲೈನ್ ದುರಸ್ತಿಗಾಗಿ ಬಂದ್, ಬದಲಿ ಲೈನ್ ಕೆಟ್ಟಿತ್ತು. ಡಿಕ್ಕಿಯ ಮುನ್ಸೂಚನೆಯನ್ನು ಪರದೆಯ ಮೇಲೆ ತೋರಿಸುವ ಸೌಲಭ್ಯವೂ ಆ ಹೊತ್ತಿಗೆ ನಿಂತಿತ್ತು. ಪಕ್ಕದ ಜರ್ಮನ್ ಕೇಂದ್ರದವರಿಗೆ ಅಪಾಯ ಕಂಡು ಮತ್ತೆ ಮತ್ತೆ ಫೋನ್ ಮಾಡಿದರು, ಸಿಗಲಿಲ್ಲ.

ನಿಯಂತ್ರಕರು ಅಪಾಯ ಗಮನಿಸಿದಾಗ ಉಳಿದಿದ್ದು ಒಂದು ನಿಮಿಷಕ್ಕಿಂತ ಕಡಿಮೆ. ಟುಪೋಲೆವ್‌ಗೆ 'ಇಳಿಯಿರಿ' ಅಂದರು. ಕೆಲವೇ ಸೆಕೆಂಡಿನಲ್ಲಿ ಟುಪೋಲೆವ್‌ನ ಟಿಕಾಸ್ 'ಏರು' ಅಂದಿತು, ಬೋಯಿಂಗ್‌ನದ್ದು 'ಇಳಿ' ಅಂದಿತು. ಬೋಯಿಂಗ್ ಯಂತ್ರದ ಮಾತು ಕೇಳಿ ಇಳಿಯಿತು. ಟುಪೋಲೆವ್‌ನ ಕಾಕ್‌ಪಿಟ್‌ನಲ್ಲಿ ಒಬ್ಬರು 'ಅದು ಏರು ಅನ್ನುತ್ತಿದೆಯಲ್ಲ' ಎಂಬ ಅರ್ಥದ ಮಾತಾಡಿದ್ದೂ ದಾಖಲಾಗಿದೆ. ಆದರೂ ಮನುಷ್ಯನ ದನಿ ಗೆದ್ದಿತು. ಟುಪೋಲೆವ್ ಕೂಡ ಇಳಿಯಿತು. 71 ಜನ ಸತ್ತರು.

ಆ ಪೈಲಟ್‌ಗಳನ್ನು ಹೊಣೆ ಮಾಡುವುದು ಸುಲಭ. ಆದರೆ ಜರ್ಮನ್ ತನಿಖೆ ಹೇಳಿದ್ದು ನಿಯಮಗಳೇ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ ಅಂತ. ಒಂದು ಕೈಪಿಡಿ ಟಿಕಾಸ್‌ಗೆ ಮೊದಲ ಮಣೆ ಕೊಟ್ಟರೆ ಇನ್ನೊಂದು ಎಟಿಸಿಗೆ ಕೊಡುತ್ತಿತ್ತು. ಇದಾದ ಮೇಲೆ ಅಂತಾರಾಷ್ಟ್ರೀಯ ನಿಯಮ ಸ್ಪಷ್ಟವಾಯಿತು: ಆರ್‌ಎ ಬಂದರೆ ಎಟಿಸಿ ಏನೇ ಹೇಳಲಿ, ಯಂತ್ರ ಹೇಳಿದ್ದನ್ನೇ ಮಾಡಬೇಕು, ಅದರ ವಿರುದ್ಧ ದಿಕ್ಕಿಗೆ ಯಾವತ್ತೂ ಹೋಗಬಾರದು. ಪೈಲಟ್ ರೇಡಿಯೋದಲ್ಲಿ 'ಟಿಕಾಸ್ ಆರ್‌ಎ' ಅನ್ನುತ್ತಾರೆ. ಆ ಎರಡು ಪದ ಕೇಳಿದ ಮೇಲೆ, ಅಪಾಯ ಕಳೆಯಿತು ಅಂತ ಪೈಲಟ್ ಹೇಳುವವರೆಗೂ ಎಟಿಸಿ ಆ ವಿಮಾನದ ದಾರಿ ಬದಲಿಸುವ ಸೂಚನೆ ಕೊಡುವಂತಿಲ್ಲ. ಯಾಕಂದ್ರೆ ಎರಡೂ ಯಂತ್ರಗಳು ಮಾತಾಡಿಕೊಂಡು ಒಪ್ಪಂದಕ್ಕೆ ಬಂದಿವೆ, ಆ ಒಪ್ಪಂದ ಎಟಿಸಿಯವರ ಕಿವಿಗೆ ಬಿದ್ದಿಲ್ಲ.

ಯಂತ್ರವೂ ಬದಲಾಯಿತು. ಒಂದು ವಿಮಾನ ಮಾತು ಕೇಳದಿದ್ದರೆ ಇನ್ನೊಂದಕ್ಕೆ ಕೊಟ್ಟ ಸಲಹೆಯನ್ನು ತಿರುಗಿಸುವ ತರ್ಕ 7.1 ಆವೃತ್ತಿಯಲ್ಲಿ ಗಟ್ಟಿಯಾಯಿತು. ಅದೇ ಆವೃತ್ತಿಯಲ್ಲಿ ಒಂದು ಭಾಷೆಯ ತಿದ್ದುಪಡಿಯೂ ಆಯಿತು. ಮೊದಲು ಏರಿಕೆ ಇಳಿಕೆಯ ವೇಗ ತಗ್ಗಿಸಲು ಯಂತ್ರ 'ಅಡ್ಜಸ್ಟ್ ವರ್ಟಿಕಲ್ ಸ್ಪೀಡ್, ಅಡ್ಜಸ್ಟ್' ಅನ್ನುತ್ತಿತ್ತು. ಅಡ್ಜಸ್ಟ್ ಮಾಡು ಸರಿ, ಯಾವ ಕಡೆಗೆ? ಕೆಲವು ಪೈಲಟ್‌ಗಳು ಉಲ್ಟಾ ಅಡ್ಜಸ್ಟ್ ಮಾಡಿದರು. ಈಗ ಅದು ನೇರವಾಗಿ 'ಲೆವೆಲ್ ಆಫ್, ಲೆವೆಲ್ ಆಫ್' ಅನ್ನುತ್ತದೆ. ಸಮನಾಗಿ ನಿಲ್ಲು, ಅಷ್ಟೇ. 'ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು' ಅಂತ ಸುತ್ತೋಲೆ ಬರೆಯುವ ನಮ್ಮ ಕಚೇರಿಗಳಿಗೂ ಯಾರಾದರೂ ಇಂಥ ಒಂದು ಆವೃತ್ತಿ ತರಬೇಕು.

ಇನ್ನು ಹೊಣೆಯ ಪ್ರಶ್ನೆ. ಜಪಾನಿನಲ್ಲಿ ತರಬೇತಿಯಲ್ಲಿದ್ದವರು, ಅವರ ಮೇಲ್ವಿಚಾರಕಿ ಇಬ್ಬರ ಮೇಲೂ ಕ್ರಿಮಿನಲ್ ಮೊಕದ್ದಮೆ ನಡೆಯಿತು. ಕೆಳ ನ್ಯಾಯಾಲಯ ಬಿಟ್ಟರೂ, ಕೊನೆಗೆ 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. ಸ್ವಿಟ್ಜರ್ಲೆಂಡಿನಲ್ಲಿ ಆ ರಾತ್ರಿಯ ನಿಯಂತ್ರಕರನ್ನು 2004ರಲ್ಲಿ, ಆ ವಿಮಾನದಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕಳೆದುಕೊಂಡ ತಂದೆಯೊಬ್ಬ ಅವರ ಮನೆಗೇ ಹೋಗಿ ಕೊಂದ. 2007ರಲ್ಲಿ ಬಂದ ತೀರ್ಪಿನಲ್ಲಿ ಶಿಕ್ಷೆಯಾದದ್ದು ಸ್ಕೈಗೈಡ್‌ನ ನಾಲ್ವರು ಮ್ಯಾನೇಜರ್‌ಗಳಿಗೆ. ರಾತ್ರಿ ಪಾಳಿಗೆ ಒಬ್ಬರನ್ನೇ ಬಿಟ್ಟು ಅದನ್ನು ಮಾಮೂಲು ಮಾಡಿದ್ದವರು ಕಟಕಟೆಗೆ ಬಂದರು. ತಪ್ಪು ಸೂಚನೆ ಕೊಟ್ಟ ನಾಲಿಗೆಯನ್ನು ಹಿಡಿಯುವುದು ಸುಲಭ. ಆ ಕೊಠಡಿಯಲ್ಲಿ ಇನ್ನೊಂದು ಕುರ್ಚಿ ಯಾಕೆ ಖಾಲಿ ಇತ್ತು ಅಂತ ಕೇಳಲು ಬೇರೆಯದೇ ಎದೆಗಾರಿಕೆ ಬೇಕು. ಈ ಎರಡು ದೇಶಗಳ ತೀರ್ಪುಗಳಲ್ಲಿ ನನ್ನ ಮತ ಸ್ವಿಸ್ ನ್ಯಾಯಾಲಯದ ಕಡೆಗೆ.

ಯಂತ್ರ ಸುಮ್ಮನಾಗುವ ಜಾಗಗಳು

ಕೇಳಿದರೆ ಉತ್ತರ ಕೊಡುವವರು ಇರುವವರೆಗೆ ಮಾತ್ರ ಟಿಕಾಸ್‌ಗೆ ಕೆಲಸ. 2006ರ ಸೆಪ್ಟೆಂಬರ್ 29ರಂದು ಬ್ರೆಜಿಲ್‌ನ ಅಮೆಜಾನ್ ಕಾಡಿನ ಮೇಲೆ ಗೋಲ್ ಕಂಪನಿಯ ಬೋಯಿಂಗ್ 737 ಮತ್ತು ಒಂದು ಸಣ್ಣ ಖಾಸಗಿ ಜೆಟ್, ಎರಡೂ 37,000 ಅಡಿಯಲ್ಲಿ, ಒಂದೇ ದಾರಿಯಲ್ಲಿ ಎದುರುಬದುರು ಬಂದವು. ಎರಡರಲ್ಲೂ ಟಿಕಾಸ್ ಇತ್ತು. ಆದರೆ ಖಾಸಗಿ ಜೆಟ್‌ನ ಟ್ರಾನ್ಸ್‌ಪಾಂಡರ್ ಕೆಲಸ ಮಾಡುತ್ತಿರಲಿಲ್ಲ. ಒಬ್ಬರ ಬಾಯಿ ಕಟ್ಟಿದರೆ ಇಬ್ಬರೂ ಕುರುಡರು. ಬೋಯಿಂಗ್‌ನಲ್ಲಿದ್ದ 154 ಜನರೂ ಸತ್ತರು, ರೆಕ್ಕೆ ಮುರಿದ ಸಣ್ಣ ಜೆಟ್ ಹೇಗೋ ಇಳಿಯಿತು.

2025ರ ಜನವರಿ 29ರ ರಾತ್ರಿ ವಾಷಿಂಗ್ಟನ್ನಿನ ಪೊಟೋಮ್ಯಾಕ್ ನದಿಯ ಮೇಲೆ ಇಳಿಯುತ್ತಿದ್ದ ಪ್ರಯಾಣಿಕ ಜೆಟ್‌ಗೆ ಸೇನೆಯ ಬ್ಲ್ಯಾಕ್‌ಹಾಕ್ ಹೆಲಿಕಾಪ್ಟರ್ ಡಿಕ್ಕಿಯಾಗಿ 67 ಜನ ಸತ್ತರು. ಜೆಟ್‌ನ ಟಿಕಾಸ್ ಸರಿಯಾಗಿಯೇ ಇತ್ತು. ಡಿಕ್ಕಿಗೆ ಸುಮಾರು 20 ಸೆಕೆಂಡ್ ಮೊದಲು 'ಟ್ರಾಫಿಕ್, ಟ್ರಾಫಿಕ್' ಅಂದಿತು. ಅದರಾಚೆ ಏನೂ ಹೇಳಲಿಲ್ಲ, ಹೇಳುವಂತಿರಲಿಲ್ಲ. ಡಿಕ್ಕಿಯಾದದ್ದು ಸುಮಾರು 300 ಅಡಿ ಎತ್ತರದಲ್ಲಿ. 1000 ಅಡಿಗಿಂತ ಕೆಳಗೆ ಆರ್‌ಎ ಇಲ್ಲ ಅಂದೆನಲ್ಲ. ನೆಲಕ್ಕೆ ಅಷ್ಟು ಹತ್ತಿರದಲ್ಲಿ 'ಇಳಿ' ಅಂದರೆ ನೆಲಕ್ಕೇ ಅಪ್ಪಳಿಸಬಹುದು, ಹಾಗಾಗಿ ಯಂತ್ರದ ಬಾಯಿಗೆ ಬೀಗ. ಅಲ್ಲಿ ವಿಮಾನಗಳನ್ನು ದೂರ ಇಡಬೇಕಾದದ್ದು ದಾರಿಗಳ ವಿನ್ಯಾಸ ಮತ್ತು ಎಟಿಸಿ.

ಆ ದಾರಿಗಳ ವಿಷಯ ಯಾರಿಗೂ ಗೊತ್ತಿರಲಿಲ್ಲವೇ? ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಹಳೆಯ ದತ್ತಾಂಶ ತೆಗೆದು ನೋಡಿತು. 2021ರ ಅಕ್ಟೋಬರ್‌ನಿಂದ 2024ರ ಡಿಸೆಂಬರ್‌ವರೆಗೆ ಆ ನಿಲ್ದಾಣದ ಬಳಿ ವಿಮಾನ ಮತ್ತು ಹೆಲಿಕಾಪ್ಟರ್ ನಡುವೆ ಅಕ್ಕಪಕ್ಕ ಒಂದು ನಾಟಿಕಲ್ ಮೈಲಿಗಿಂತ, ಮೇಲೆ-ಕೆಳಗೆ 400 ಅಡಿಗಿಂತ ಕಡಿಮೆ ಅಂತರ ಬಂದದ್ದು 15,214 ಬಾರಿ. ದತ್ತಾಂಶ ಅಲ್ಲೇ ಇತ್ತು. ಕೂತು ಓದಬೇಕಾದವರು ಓದಿರಲಿಲ್ಲ.

ಈಗ ಎಸಿಎಎಸ್ ಎಕ್ಸ್ ಅನ್ನುವ ಹೊಸ ಪೀಳಿಗೆಯ ವ್ಯವಸ್ಥೆ ಸಿದ್ಧವಾಗಿದೆ. ಎಂಐಟಿಯ ಲಿಂಕನ್ ಲ್ಯಾಬೊರೇಟರಿ ಅಭಿವೃದ್ಧಿಪಡಿಸಿದ್ದು. ಕೈಯಿಂದ ಬರೆದ ನಿಯಮಗಳ ಬದಲು, ಲಕ್ಷಾಂತರ ಸನ್ನಿವೇಶಗಳನ್ನು ಮೊದಲೇ ಲೆಕ್ಕ ಹಾಕಿ ಇಟ್ಟ ಕೋಷ್ಟಕ ನೋಡಿ ಸಲಹೆ ಕೊಡುತ್ತದೆ. ಅನಗತ್ಯ ಕೂಗಾಟ ಕಡಿಮೆಯಾಗಲಿ ಅನ್ನುವುದು ಉದ್ದೇಶ. ಒಳ್ಳೆಯದೇ. ಆದರೆ ಖಾಲಿ ಕುರ್ಚಿಯನ್ನು ಅದೂ ತುಂಬುವುದಿಲ್ಲ.

ಮತ್ತೆ ನಮ್ಮ ಬೆಂಗಳೂರಿಗೆ ಬರುತ್ತೇನೆ. 2022ರ ಜನವರಿ 7ರ ಬೆಳಗ್ಗೆ ಕೆಂಪೇಗೌಡ ವಿಮಾನ ನಿಲ್ದಾಣದ ಎರಡು ಸಮಾನಾಂತರ ರನ್‌ವೇಗಳಿಂದ ಎರಡು ವಿಮಾನಗಳಿಗೆ ಟೇಕಾಫ್‌ಗೆ ಅನುಮತಿ ಸಿಕ್ಕಿತು. ಒಂದು ಕೋಲ್ಕತ್ತಕ್ಕೆ, ಇನ್ನೊಂದು ಭುವನೇಶ್ವರಕ್ಕೆ, ಒಟ್ಟು 400ಕ್ಕೂ ಹೆಚ್ಚು ಜನ. ಮೇಲೇರಿದ ಮೇಲೆ ಎರಡೂ ಒಂದರ ದಾರಿಗೆ ಇನ್ನೊಂದು ಬಂದವು. ರೇಡಾರ್ ಮುಂದೆ ಕೂತಿದ್ದ ನಿಯಂತ್ರಕರೊಬ್ಬರು ಗಮನಿಸಿ ಎರಡನ್ನೂ ಬೇರೆಬೇರೆ ದಿಕ್ಕಿಗೆ ತಿರುಗಿಸಿದರು. ಈ ಸಲ ಕಾಪಾಡಿದ್ದು ಮನುಷ್ಯ. ಪ್ರಾಥಮಿಕ ವರದಿ ಪ್ರಕಾರ, ಒಂದೇ ರನ್‌ವೇ ಬಳಸೋಣ ಅನ್ನುವ ತೀರ್ಮಾನ ಪಾಳಿಯ ಮುಖ್ಯಸ್ಥರ ಹಂತದಲ್ಲಿ ಆಗಿತ್ತು, ದಕ್ಷಿಣದ ಟವರ್‌ಗೆ ಅದನ್ನು ತಿಳಿಸಿರಲಿಲ್ಲ.

ಸುದ್ದಿ ಹೊರಗೆ ಬಂದದ್ದು ಸುಮಾರು ಹತ್ತು ದಿನಗಳ ಮೇಲೆ. ಘಟನೆ ಯಾವ ಲಾಗ್‌ಬುಕ್ಕಿನಲ್ಲೂ ದಾಖಲಾಗಿರಲಿಲ್ಲ ಅಂತ ಆಗ ವರದಿಯಾಯಿತು. ಅವತ್ತೂ ಒಂದಷ್ಟು ಕಡೆ 'ಕೂದಲೆಳೆ' ಹೆಡ್‌ಲೈನ್ ಕಂಡೆ. ನಾನು ಆ ಹೊತ್ತಿಗೆ ಡೆಸ್ಕ್ ಬಿಟ್ಟು ಅಂಕಣಕ್ಕೆ ಬಂದಿದ್ದೆ. ಹಳೆಯ ಡೆಸ್ಕಿನ ಗೆಳೆಯನಿಗೆ ಫೋನ್ ಮಾಡಿ, 'ತಪ್ಪಿದ್ದು ಹೇಗೆ ಅನ್ನೋದನ್ನು ಮೊದಲ ಪ್ಯಾರಾದಲ್ಲಿ ಹಾಕು ಮಾರಾಯ, ಲಾಗ್‌ಬುಕ್ ವಿಷಯ ಹೆಡ್‌ಲೈನಿಗೆ ಹಾಕು' ಅಂದೆ. 'ಜಾಗ ಇಲ್ಲ' ಅಂದ.